ಸ್ಲೋ ಕುಕ್ಕರ್‌ನಲ್ಲಿ ಚಿಕನ್ ನೂಡಲ್ ಸೂಪ್: ನನ್ನ ನೂಡಲ್ಸ್ ಅಂಬಲಿಯಾಗಿ ಹೋಯಿತು, ದಯವಿಟ್ಟು ಹೇಳಿಕೊಡಿ

ಮಿನಿಯಾಪೊಲಿಸ್_ಮಗಳು (ಶನಿವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ನನ್ನ ಊರು ಚನ್ನರಾಯಪಟ್ಟಣ. ಮಿನಿಯಾಪೊಲಿಸ್‌ಗೆ ಬಂದು ಇದು ಎರಡನೇ ಚಳಿಗಾಲ. ಇವತ್ತು ಬೆಳಿಗ್ಗೆ ಹೊರಗೆ ಮೈನಸ್ 22 ಡಿಗ್ರಿ ಇತ್ತು. ಮನೆಯವರಿಗೆ ನಾಲ್ಕು ದಿನದಿಂದ ನೆಗಡಿ, ಕೆಮ್ಮು. ಮೂರು ವರ್ಷದ ಮಗಳಿಗೂ ನಿನ್ನೆಯಿಂದ ಶುರುವಾಗಿದೆ.

ಪಕ್ಕದ ಮನೆಯಲ್ಲಿದ್ದ ಅಮೆರಿಕದ ಅಜ್ಜಿ ಮನೆ ಖಾಲಿ ಮಾಡುವಾಗ ನನಗೆ ಒಂದು ಸ್ಲೋ ಕುಕ್ಕರ್ (ಗಂಟೆಗಟ್ಟಲೆ ನಿಧಾನ ಕಾವಿನಲ್ಲಿ ಬೇಯಿಸುವ ಕರೆಂಟ್ ಪಾತ್ರೆ) ಕೊಟ್ಟು ಹೋದರು. 6 ಕ್ವಾರ್ಟ್, ಅಂದರೆ ಸುಮಾರು 5.7 ಲೀಟರ್ ಅಳತೆಯದು. "ಯಾರಿಗಾದರೂ ಹುಷಾರಿಲ್ಲ ಅಂದರೆ ಇದರಲ್ಲಿ ಚಿಕನ್ ನೂಡಲ್ ಸೂಪ್ ಮಾಡು, ಬೆಳಿಗ್ಗೆ ಎಲ್ಲ ಹಾಕಿಬಿಟ್ಟರೆ ಸಂಜೆಗೆ ರೆಡಿ" ಅಂದಿದ್ದರು. ಇವತ್ತು ಮಾಡಿದೆ. ಫ್ರೀಜರ್‌ನಲ್ಲಿದ್ದ ಮೂಳೆ ಇಲ್ಲದ ಎರಡು ಬ್ರೆಸ್ಟ್ ಪೀಸ್, ಕ್ಯಾರೆಟ್, ಸೆಲರಿ, ಈರುಳ್ಳಿ, ಒಂದು ಪ್ಯಾಕೆಟ್ ಎಗ್ ನೂಡಲ್ಸ್, ಎರಡು ಲೀಟರ್ ನೀರು, ಉಪ್ಪು, ಮೆಣಸಿನ ಪುಡಿ. ಎಲ್ಲ ಒಟ್ಟಿಗೆ ಹಾಕಿ, ಬೆಳಿಗ್ಗೆ ಏಳೂವರೆಗೆ 'ಲೋ', ಅಂದರೆ ಕಡಿಮೆ ಕಾವಿನಲ್ಲಿಟ್ಟು ಆಫೀಸ್ ಕೆಲಸಕ್ಕೆ ಕೂತೆ.

ಮೂರೂವರೆಗೆ ಮುಚ್ಚಳ ತೆಗೆದೆ. ನೂಡಲ್ಸ್ ಇರಲೇ ಇಲ್ಲ. ಬೂದು ಬಣ್ಣದ ಅಂಬಲಿ, ಅದರೊಳಗೆ ಕ್ಯಾರೆಟ್ ಚೂರು. ಸೌಟು ನಿಲ್ಲಿಸಿದರೆ ನಿಲ್ಲುತ್ತಿತ್ತು. ಚಿಕನ್ ಅಂತೂ ಬಾಯಿಗೆ ಹಾಕಿದರೆ ಹತ್ತಿ ಅಗಿದ ಹಾಗೆ. ಇಷ್ಟು ಹೊತ್ತು ಬೆಂದರೂ ರುಚಿ ಯಾಕೆ ಇಳಿಯಲಿಲ್ಲ ಅನ್ನೋದೇ ಗೊತ್ತಾಗುತ್ತಿಲ್ಲ. ಮಗಳು ಒಂದು ಚಮಚ ತಿಂದು ಬಟ್ಟಲು ಪಕ್ಕಕ್ಕೆ ತಳ್ಳಿದಳು.

ಎಲ್ಲಿ ತಪ್ಪಾಯಿತು? ಯಾರಾದರೂ ಹೇಳಿಕೊಡುತ್ತೀರಾ?

ಷಿಕಾಗೋ_ಅಕ್ಕ

ತಂಗಿ, ಮೊದಲು ಮಗು ಹೇಗಿದ್ದಾಳೆ? ನೀರು, ಹಾಲು ಕುಡಿಯುತ್ತಿದ್ದಾಳೆ ತಾನೇ?

ನಾನು ತಿಪಟೂರಿನವಳು, ಇಲ್ಲಿಗೆ ಬಂದು 28 ವರ್ಷವಾಯಿತು. ಪ್ರತಿ ಚಳಿಗಾಲ ಇದೇ ಸೂಪನ್ನು ಹತ್ತು ಹನ್ನೆರಡು ಸಲವಾದರೂ ಮಾಡುತ್ತೇನೆ. ನೀವು ಬರೆದಿದ್ದು ಓದುತ್ತಲೇ ಮೂರು ವಿಷಯ ಕಾಣಿಸಿತು.

ನೂಡಲ್ಸ್ ವಿಷಯ ಮೊದಲು. ಎಗ್ ನೂಡಲ್ಸ್ ಬೇಯೋದಕ್ಕೆ ಬೇಕಿರೋದು ಎಂಟು ಹತ್ತು ನಿಮಿಷ. ನೀವು ಎಂಟು ಗಂಟೆ ಬಿಸಿನೀರಿನಲ್ಲಿ ಬಿಟ್ಟಿರಿ. ಹಿಟ್ಟಿನಲ್ಲಿರುವ ಪಿಷ್ಟ ನೀರು ಕುಡಿಯುತ್ತಾ ಊದಿಕೊಳ್ಳುತ್ತದೆ, ಆಮೇಲೆ ಒಡೆದು ನೀರಿಗೇ ಬಿಟ್ಟುಕೊಳ್ಳುತ್ತದೆ. ರಾಗಿ ಹಿಟ್ಟು ಕದಡಿ ಅಂಬಲಿ ಕಾಯಿಸುವಾಗ ಆಗೋದೂ ಇದೇ ಅಲ್ವಾ? ನೂಡಲ್ಸ್ ಯಾವತ್ತೂ ಕೊನೆಗೆ. ಎಲ್ಲ ಬೆಂದು, ಚಿಕನ್ ಬಿಡಿಸಿ ವಾಪಸ್ ಹಾಕಿದ ಮೇಲೆ, ಕುಕ್ಕರನ್ನು 'ಹೈ', ಅಂದರೆ ಹೆಚ್ಚು ಕಾವಿಗೆ ತಿರುಗಿಸಿ, ಸೂಪ್ ಅಂಚಿನಲ್ಲಿ ಗುಳ್ಳೆ ಏಳುವಾಗ ಹಾಕಿ. ಹತ್ತು ಹದಿನೈದು ನಿಮಿಷ ಸಾಕು. ಒಂಬತ್ತನೇ ನಿಮಿಷಕ್ಕೆ ಒಂದು ಎಳೆ ತೆಗೆದು ಕಚ್ಚಿ ನೋಡಿ. ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಆಫ್ ಮಾಡಿ, ಬಟ್ಟಲಿಗೆ ಬರುವಷ್ಟರಲ್ಲಿ ಹದವಾಗಿರುತ್ತದೆ.

ಎರಡನೆಯದು ಚಿಕನ್. ಬ್ರೆಸ್ಟ್‌ನಲ್ಲಿ ಕೊಬ್ಬೂ ಕಡಿಮೆ, ಕೊಲಾಜೆನ್ ಅನ್ನುವ ಅಂಟಿನಂಥ ಪ್ರೊಟೀನೂ ಕಡಿಮೆ. ಲೋನಲ್ಲಿ ಮೂರು ನಾಲ್ಕು ಗಂಟೆಗೇ ಅದು ಬೆಂದಿರುತ್ತದೆ. ಆಮೇಲೆ ಬೇಯಿಸಿದಷ್ಟೂ ಒಳಗಿನ ನೀರು ಹಿಂಡಿ ಹೋಗುತ್ತದೆ. ಸೂಪಿನೊಳಗೇ ಇದ್ದರೂ ಮಾಂಸ ಒಣಗುತ್ತದೆ, ಇದು ನನಗೂ ಮೊದಲು ಆಶ್ಚರ್ಯವಾಗಿತ್ತು. ತೊಡೆ ತೆಗೆದುಕೊಳ್ಳಿ, ಮೂಳೆ ಇರುವುದು. ತೊಡೆಯಲ್ಲಿ, ಕೀಲಿನಲ್ಲಿ ಕೊಲಾಜೆನ್ ಜಾಸ್ತಿ ಇರುತ್ತದೆ. ನಿಧಾನವಾಗಿ ಬೆಂದರೆ ಅದು ಜೆಲಟಿನ್ ಆಗಿ ಸೂಪಿಗೆ ಇಳಿಯುತ್ತದೆ. ಸೂಪ್ ಕುಡಿದ ಮೇಲೆ ತುಟಿಗೆ ಒಂಚೂರು ಅಂಟು ಅಂಟಾಗುತ್ತದಲ್ಲ, ಅದು ಇದೇ. ಊರಿನಲ್ಲಿ ಕಾಲು ಸೂಪ್ ಕುಡಿದವರಿಗೆ ಗೊತ್ತಿರುತ್ತದೆ.

ಮೂರನೆಯದು ರುಚಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಲೆ ಮೇಲೆ ಸಾರು ಕುದಿಸಿದರೆ ನೀರು ಆವಿಯಾಗಿ ಹೋಗಿ ಸಾರು ಇಳಿಯುತ್ತದೆ, ಗಟ್ಟಿಯಾಗುತ್ತದೆ, ರುಚಿ ಏರುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಹಾಗಾಗೋದಿಲ್ಲ. ಎದ್ದ ಆವಿ ಮುಚ್ಚಳಕ್ಕೆ ತಾಗಿ, ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಬೆಳಿಗ್ಗೆ ಹಾಕಿದ ನೀರು ಸಂಜೆಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜೊತೆಗೆ ಕ್ಯಾರೆಟ್, ಸೆಲರಿ, ಚಿಕನ್ ಕೂಡ ನೀರು ಬಿಡುತ್ತವೆ. ಅದಕ್ಕೇ ಬರೀ ನೀರು ಹಾಕಿದರೆ ಸಪ್ಪೆ. ಚಿಕನ್ ಬ್ರಾತ್, ಅಂದರೆ ಕೋಳಿ ಬೇಯಿಸಿ ಸೋಸಿದ ತಿಳಿ ಸಾರು ಹಾಕಬೇಕು, ಅಂಗಡಿಯಲ್ಲಿ ಲೋ ಸೋಡಿಯಂ (ಉಪ್ಪು ಕಡಿಮೆ) ಅಂತ ಬರೆದಿರೋದನ್ನೇ ತೆಗೆದುಕೊಳ್ಳಿ. ಮಾಮೂಲಿ ಬ್ರಾತ್‌ನಲ್ಲಿ ಉಪ್ಪು ಎಷ್ಟಿರುತ್ತದೆ ಅಂದರೆ ಆಮೇಲೆ ನಾವು ಹಾಕೋದಕ್ಕೆ ಜಾಗವೇ ಇರುವುದಿಲ್ಲ.

ನನ್ನ ಅಳತೆ ಹೇಳುತ್ತೇನೆ, 6 ಕ್ವಾರ್ಟ್ ಪಾತ್ರೆಗೆ ಸರಿಹೋಗುತ್ತದೆ. ಮೂಳೆ ಇರುವ ತೊಡೆ ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ. ಚರ್ಮ ತೆಗೆದುಬಿಡಿ, ಇಲ್ಲದಿದ್ದರೆ ಮೇಲೆ ಎಣ್ಣೆ ಕಟ್ಟುತ್ತದೆ. ಮೂರು ಕ್ಯಾರೆಟ್, ಮೂರು ಕಡ್ಡಿ ಸೆಲರಿ, ಒಂದು ದೊಡ್ಡ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ ಐದು ಎಸಳು. ಎರಡು ಬೇ ಎಲೆ, ಅರ್ಧ ಚಮಚ ಒಣ ಥೈಮ್ (ಘಮದ ಸೊಪ್ಪು), ಮೆಣಸು ಕುಟ್ಟಿದ್ದು. ಬ್ರಾತ್ ಎಂಟು ಕಪ್, ಎರಡು ಲೀಟರಿಗೆ ಸ್ವಲ್ಪ ಕಡಿಮೆ. ನೂಡಲ್ಸ್ 170 ಗ್ರಾಂ ಸಾಕು, ಪೂರ್ತಿ ಪ್ಯಾಕೆಟ್ ಸುರಿಯಬೇಡಿ.

ಐದು ನಿಮಿಷ ಸಮಯವಿದ್ದರೆ ಈರುಳ್ಳಿಯನ್ನು ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ ಹಾಕಿ ಅಂಚು ಕೆಂಪಾಗುವ ತನಕ ಹುರಿದು ಹಾಕಿ. ಸ್ಲೋ ಕುಕ್ಕರ್‌ನ ಒಳಗೆ ಏನೂ ಕೆಂಪಾಗುವುದಿಲ್ಲ, ಆ ಹುರಿದ ಘಮ ನಾವೇ ಹೊರಗಿನಿಂದ ಕೊಡಬೇಕು. ಕ್ಯಾರೆಟ್ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತದೆ, ಅದಕ್ಕೆ ತರಕಾರಿ ತಳದಲ್ಲಿರಲಿ, ಚಿಕನ್ ಮೇಲಿರಲಿ. ಲೋನಲ್ಲಿ ಆರು ಗಂಟೆ, ಅವಸರವಿದ್ದರೆ ಹೈನಲ್ಲಿ ಮೂರೂವರೆ. ಆಮೇಲೆ ತೊಡೆ ಎತ್ತಿ ತಟ್ಟೆಗಿಟ್ಟು, ಎರಡು ಫೋರ್ಕ್‌ನಲ್ಲಿ ಎಳೆದರೆ ಮಾಂಸ ತಾನೇ ಬಿಡುತ್ತದೆ. ಚಿಕ್ಕ ಮೂಳೆ ಉಳಿಯದ ಹಾಗೆ ಬೆರಳಿನಲ್ಲೇ ತಡವಿ ನೋಡಿ, ಮಗು ತಿನ್ನೋದಲ್ವಾ.

ಉಪ್ಪು ಕೊನೆಗೆ ನೋಡಿ ಹಾಕಿ. ಅರ್ಧ ನಿಂಬೆಹಣ್ಣಿನ ರಸ ಹಿಂಡೋದು ಮರೆಯಬೇಡಿ. ಅದಿಲ್ಲದೆ ಈ ಸೂಪ್ ಎದ್ದು ನಿಲ್ಲೋದಿಲ್ಲ.

ಮಿನಿಯಾಪೊಲಿಸ್_ಮಗಳು

ಅಕ್ಕಾ, ಇಷ್ಟು ವಿವರವಾಗಿ ಬರೆದಿರಲ್ಲ, ತುಂಬಾ ಥ್ಯಾಂಕ್ಸ್. ಮಗು ಹಾಲು ಕುಡಿದು ಮಲಗಿದ್ದಾಳೆ. ಒಂದು ಅನುಮಾನ. ನಡುವೆ ನಾಲ್ಕೈದು ಸಲ ಮುಚ್ಚಳ ತೆಗೆದು ನೋಡಿದ್ದೆ. ಅದರಿಂದೇನಾದರೂ ತೊಂದರೆಯಾಯಿತಾ?

ಷಿಕಾಗೋ_ಅಕ್ಕ

ಆಗುತ್ತದೆ ತಂಗಿ. ಬಿಸಿ ಮಾಡುವ ಕಾಯಿಲ್ ಇರೋದು ಪಾತ್ರೆಯ ಸುತ್ತ, ಬಿಸಿ ಏರೋದು ಬಹಳ ನಿಧಾನ. ಒಂದು ಸಲ ತೆಗೆದರೆ ಒಳಗಿನ ಬಿಸಿ ಆವಿಯೆಲ್ಲ ಹೊರಗೆ. ಮತ್ತೆ ಮೊದಲಿನ ಬಿಸಿಗೆ ಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಗಾಜಿನ ಮುಚ್ಚಳದಲ್ಲೇ ನೋಡಿ. ಹನಿ ಕಟ್ಟಿ ಕಾಣದಿದ್ದರೆ ಹಿಡಿ ಹಿಡಿದು ಸ್ವಲ್ಪ ಅಲುಗಿಸಿ, ಹನಿ ಜಾರುತ್ತದೆ.

ರಾತ್ರಿ_ಪಾಳಿ_ನರ್ಸ್

ನಾನು ಡಲ್ಲಾಸ್‌ನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ, ಊರು ಶಿವಮೊಗ್ಗ. ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು ಸೇರಿಸಲೇಬೇಕು. ಫ್ರೀಜರ್‌ನಿಂದ ನೇರವಾಗಿ ಚಿಕನ್ ಹಾಕಿದೆ ಅಂದಿರಲ್ಲ, ಅದನ್ನು ಇನ್ನು ಮಾಡಲೇಬೇಡಿ.

ಮಾಂಸದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯೋದು 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಇಲ್ಲಿಯ ಲೆಕ್ಕದಲ್ಲಿ 40ರಿಂದ 140 ಫ್ಯಾರನ್‌ಹೀಟ್. ಸ್ಲೋ ಕುಕ್ಕರ್ ಮೊದಲೇ ನಿಧಾನ. ಅದರಲ್ಲಿ ಕಲ್ಲಿನಂಥ ಕೋಳಿ ಹಾಕಿದರೆ ಗಂಟೆಗಟ್ಟಲೆ ಅದೇ ಬಿಸಿಯಲ್ಲಿ ಕೂತಿರುತ್ತದೆ. ಹಿಂದಿನ ದಿನವೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಪೂರ್ತಿ ಕರಗಿದ ಮೇಲೆ ಹಾಕಿ. ಆಗುವುದಾದರೆ ಮೊದಲ ಒಂದು ಗಂಟೆ ಹೈನಲ್ಲಿಟ್ಟು ಆಮೇಲೆ ಲೋಗೆ ತನ್ನಿ. ಪಾತ್ರೆ ಅರ್ಧಕ್ಕಿಂತ ಕಡಿಮೆಯೂ ಬೇಡ, ಮೂರನೇ ಎರಡು ಭಾಗಕ್ಕಿಂತ ಜಾಸ್ತಿಯೂ ಬೇಡ.

ಹತ್ತು ಹದಿನೈದು ಡಾಲರ್‌ಗೆ ಅಡುಗೆ ಥರ್ಮಾಮೀಟರ್ ಸಿಗುತ್ತದೆ. ಕೋಳಿಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ. 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ದಾಟಿರಬೇಕು. ತೊಡೆ ಇನ್ನೂ ಹತ್ತು ಹದಿನೈದು ಡಿಗ್ರಿ ಮೇಲೆ ಹೋದರೇ ಮೆತ್ತಗಾಗೋದು, ಆರು ಗಂಟೆಯಲ್ಲಿ ಅದು ತಾನಾಗೇ ಆಗಿರುತ್ತದೆ.

ಮತ್ತೆ ಒಂದು. ಹಸಿ ಕೋಳಿಯನ್ನು ಸಿಂಕ್‌ನಲ್ಲಿ ತೊಳೆಯಬೇಡಿ.

ಕುಡ್ಲದವ

ತೊಳೆಯದೆ ಕೋಳಿ ಬೇಯಿಸೋದಾ? ನಮ್ಮ ಮನೆಯಲ್ಲಿ ಅರಿಶಿನ, ಉಪ್ಪು ಹಾಕಿ ಮೂರು ಸಲ ತೊಳೆಯದೆ ಒಲೆ ಹತ್ತಿರವೇ ತರುವುದಿಲ್ಲ. ನಮ್ಮ ಅಮ್ಮನಿಗೆ ಇದನ್ನು ಹೇಳಿದರೆ ಆ ಸೂಪನ್ನು ಮುಟ್ಟುವುದಿಲ್ಲ ಅವರು.

ರಾತ್ರಿ_ಪಾಳಿ_ನರ್ಸ್

ಅಣ್ಣಾ, ನಮ್ಮ ಮನೆಯಲ್ಲೂ ಹಾಗೇ. ಊರಿನ ಅಂಗಡಿಯಲ್ಲಿ ಕಣ್ಣೆದುರೇ ಕೊಯ್ದು, ರೆಕ್ಕೆ ಪುಕ್ಕ, ರಕ್ತ ಅಂಟಿರುವ ಕೋಳಿ ತಂದಾಗ ತೊಳೆಯದೆ ಇರೋದಕ್ಕೆ ಆಗುತ್ತಾ? ಆ ರೂಢಿಗೆ ಕಾರಣ ಇತ್ತು. ಇಲ್ಲಿ ಪ್ಯಾಕೆಟ್‌ನಲ್ಲಿ ಬರೋದು ಮೊದಲೇ ಸ್ವಚ್ಛ ಮಾಡಿದ್ದು. ನಲ್ಲಿ ಕೆಳಗೆ ಹಿಡಿದರೆ ಸಣ್ಣ ಸಣ್ಣ ಹನಿ ಸಿಡಿದು ಸಿಂಕಿಗೆ, ಪಕ್ಕದಲ್ಲಿರುವ ಲೋಟಕ್ಕೆ, ಹೆಚ್ಚಿಟ್ಟ ಕೊತ್ತಂಬರಿಗೆ ಹೋಗಿ ಬೀಳುತ್ತದೆ. ಕೋಳಿ ಹೇಗೂ ಬೇಯುತ್ತದೆ, ಅದರ ಮೇಲಿರೋದು ಸಾಯುತ್ತದೆ. ಕೊತ್ತಂಬರಿ ಬೇಯುವುದಿಲ್ಲವಲ್ಲ. ಅದಕ್ಕೇ ಅಮೆರಿಕದ ಕೃಷಿ ಇಲಾಖೆಯೂ ತೊಳೆಯಬೇಡಿ ಅನ್ನುತ್ತದೆ.

ತೊಳೆಯಲೇಬೇಕು ಅನ್ನಿಸಿದರೆ ನಲ್ಲಿ ಬಿಡಬೇಡಿ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಅರಿಶಿನ ಹಾಕಿ, ಅದರಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಆ ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕನ್ನು ಸೋಪು ಹಾಕಿ ಉಜ್ಜಿ. ಇಲ್ಲವೇ ಪೇಪರ್ ಟವೆಲ್‌ನಲ್ಲಿ ಒತ್ತಿ ಒರೆಸಿ. ನಾನು ಮಾಡೋದು ಒರೆಸುವುದೇ.

ಕುಡ್ಲದವ

ಪಾತ್ರೆಯಲ್ಲಿ ಅದ್ದೋದು ಸರಿ ಅನ್ನಿಸಿತು. ಅಷ್ಟು ಮಾಡಬಹುದು.

ಇನ್ನೊಂದು ವಿಷಯ. ಈ ಸೆಲರಿ, ಥೈಮ್ ಎಲ್ಲ ಯಾಕೆ? ನಾಲ್ಕು ಮೆಣಸು, ಜೀರಿಗೆ ತುಪ್ಪದಲ್ಲಿ ಹುರಿದು ಪುಡಿ ಮಾಡಿ, ಶುಂಠಿ ಜಜ್ಜಿ ಹಾಕಿದರೆ ನೆಗಡಿ ಅಲ್ಲೇ ಹಾರಿ ಹೋಗುತ್ತದೆ. ನಮಗೆ ಒಗ್ಗುವ ರುಚಿ ಬಿಟ್ಟು ಆಸ್ಪತ್ರೆ ಊಟ ಮಾಡೋದು ಯಾಕೆ?

ಷಿಕಾಗೋ_ಅಕ್ಕ

ಕುಡ್ಲದ ಅಣ್ಣ ಹೇಳೋದು ಒಳ್ಳೆಯ ಸಾರು, ನಾನೂ ಮಾಡುತ್ತೇನೆ. ಆದರೆ ಅದು ಬೇರೆ ಅಡುಗೆ. ಈ ಸೂಪಿನ ಬೇರು ಈರುಳ್ಳಿ, ಕ್ಯಾರೆಟ್, ಸೆಲರಿ. ಮೂರೂ ಸೇರಿ ನಿಧಾನವಾಗಿ ಬೆಂದಾಗ ಸೆಲರಿಯ ಹಸಿ ವಾಸನೆ ಹೋಗಿ, ಕ್ಯಾರೆಟ್‌ನ ಸಿಹಿ ಸಾರಿಗೆ ಇಳಿದು, ಒಂದು ಹಿತವಾದ ರುಚಿ ಬರುತ್ತದೆ. ಗಂಟಲು ಹುಣ್ಣಾಗಿ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುವ ಸ್ಥಿತಿಯಲ್ಲಿ ಅದರ ಬೆಲೆ ತಿಳಿಯುತ್ತದೆ.

ನನ್ನ ದೊಡ್ಡ ಮಗ ಹುಟ್ಟಿದ ವರ್ಷ ನನಗೆ ಜ್ವರ ಬಂದು ಮಲಗಿದ್ದೆ. ಎದುರು ಮನೆಯ ಹೆಂಗಸು ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ಈ ಸೂಪ್ ತಂದು, ಟವೆಲ್ ಸುತ್ತಿ, ಬಾಗಿಲಲ್ಲಿಟ್ಟು ಹೋಗಿದ್ದರು. ಆಗ ನಮ್ಮಿಬ್ಬರ ಪರಿಚಯ ಅಷ್ಟಕ್ಕಷ್ಟೇ. ಮುಚ್ಚಳ ತಿರುಗಿಸಿದಾಗ ಬಂದ ಆ ಥೈಮ್ ವಾಸನೆ ಇವತ್ತಿಗೂ ನನಗೆ ಹಾಗೇ ನೆನಪಿದೆ. ಅದಕ್ಕೇ ಹೇಳೋದು, ಮೊದಲ ಸಲ ಅವರು ಮಾಡುವ ಹಾಗೇ ಮಾಡಿ. ಎರಡನೇ ಸಲ ಶುಂಠಿ ಹಾಕಿ, ಯಾರೂ ಬೇಡ ಅನ್ನೋದಿಲ್ಲ.

ಎಡಿಸನ್_ಅಣ್ಣ

ನ್ಯೂಜೆರ್ಸಿಯಿಂದ. ಈ ಎರಡು ವಸ್ತು, ಸ್ಲೋ ಕುಕ್ಕರ್ ಮತ್ತು ಚಿಕನ್ ಸೂಪ್, ಎರಡರ ಹಿಂದೆಯೂ ಯಹೂದಿ ಅಡುಗೆಮನೆ ಇದೆ ಅಂತ ಎಷ್ಟು ಜನಕ್ಕೆ ಗೊತ್ತು?

ಷಿಕಾಗೋದಲ್ಲಿ ಇರ್ವಿಂಗ್ ನ್ಯಾಕ್ಸನ್ ಅಂತ ಒಬ್ಬರು ಎಂಜಿನಿಯರ್ ಇದ್ದರು. ಅವರ ತಾಯಿ ಲಿಥುವೇನಿಯಾ ಕಡೆಯ ತಮ್ಮ ಊರಿನ ಕಥೆ ಹೇಳುತ್ತಿದ್ದರಂತೆ. ಶಬ್ಬತ್, ಅಂದರೆ ಶನಿವಾರದ ವಿಶ್ರಾಂತಿ ದಿನ, ಯಹೂದಿಗಳು ಬೆಂಕಿ ಹೊತ್ತಿಸುವ ಹಾಗಿಲ್ಲ. ಅದಕ್ಕೆ ಶುಕ್ರವಾರ ಸಂಜೆಯೇ ಮಾಂಸ, ಕಾಳು, ಗೆಡ್ಡೆ ತುಂಬಿದ ಮಡಕೆಯನ್ನು ಊರಿನ ಬೇಕರಿಯ ಒಲೆಯಲ್ಲಿಟ್ಟು ಬರುವುದು. ಆರುತ್ತಿರುವ ಒಲೆಯ ಕಾವಿನಲ್ಲೇ ರಾತ್ರಿಯಿಡೀ ಬೆಂದು ಮರುದಿನಕ್ಕೆ ಊಟ ರೆಡಿ. ಆ ಅಡುಗೆಗೆ ಚೋಲೆಂಟ್ ಅಂತ ಹೆಸರು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸುತ್ತಲೂ ಕಾವು ಕೊಡುವ ಕರೆಂಟ್ ಪಾತ್ರೆ ಮಾಡಿದರು ನ್ಯಾಕ್ಸನ್. ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. 1970ರಲ್ಲಿ ರೈವಲ್ ಕಂಪನಿ ಅವರ ವ್ಯಾಪಾರ ಕೊಂಡುಕೊಂಡು, 1971ರಲ್ಲಿ ಕ್ರಾಕ್‌ಪಾಟ್ ಅನ್ನುವ ಹೆಸರಿನಲ್ಲಿ ತಂದಿತು. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋಗಲು ಶುರು ಮಾಡಿದ ಕಾಲ ಅದು. ಬೆಳಿಗ್ಗೆ ತುಂಬಿಟ್ಟು ಹೋದರೆ ಸಂಜೆ ಊಟ ಕಾಯುತ್ತಿರುತ್ತದೆ ಅಂದರೆ ಯಾರು ಬೇಡ ಅನ್ನುತ್ತಾರೆ?

ಇನ್ನು ಚಿಕನ್ ಸೂಪನ್ನು ಇಲ್ಲಿ 'ಯಹೂದಿ ಪೆನಿಸಿಲಿನ್' ಅಂತಲೇ ಕರೆಯುತ್ತಾರೆ. 12ನೇ ಶತಮಾನದ ವೈದ್ಯ ಮೈಮೊನಿಡೀಸ್ ಕೂಡ ಕೋಳಿ ಸಾರನ್ನು ಔಷಧಿಯಾಗಿ ಹೇಳಿದ್ದರು.

ಮಿನಿಯಾಪೊಲಿಸ್_ಮಗಳು

ಇದು ನನಗೆ ಗೊತ್ತೇ ಇರಲಿಲ್ಲ ಅಣ್ಣಾ! ಆದರೆ ನಿಜವಾಗಿ ನೆಗಡಿಗೆ ಕೆಲಸ ಮಾಡುತ್ತದಾ, ಅಥವಾ ಸುಮ್ನೆ ನಂಬಿಕೆಯಾ?

ರಾತ್ರಿ_ಪಾಳಿ_ನರ್ಸ್

ಸ್ವಲ್ಪ ಕೆಲಸ ಮಾಡುತ್ತದೆ ಅನ್ನೋದಕ್ಕೆ ಆಧಾರ ಇದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಡಾ. ಸ್ಟೀಫನ್ ರೆನಾರ್ಡ್ ತಮ್ಮ ಹೆಂಡತಿಯ ಮನೆ ಕಡೆಯಿಂದ ಬಂದ ಚಿಕನ್ ಸೂಪನ್ನೇ ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. 2000ದಲ್ಲಿ ಪ್ರಕಟವಾಯಿತು. ನ್ಯೂಟ್ರೊಫಿಲ್ ಅನ್ನುವ ಬಿಳಿ ರಕ್ತಕಣಗಳ ಓಡಾಟವನ್ನು ಸೂಪ್ ತಗ್ಗಿಸುತ್ತದೆ ಅಂತ ಕಂಡುಬಂತು. ಮೂಗು ಕಟ್ಟುವುದು, ಗಂಟಲು ಊತ ಇವುಗಳಲ್ಲಿ ಆ ಕಣಗಳ ಪಾತ್ರ ಇದೆ. ಆದರೆ ಅದು ಗಾಜಿನ ತಟ್ಟೆಯಲ್ಲಿ ಮಾಡಿದ ಪ್ರಯೋಗ, ನೆಗಡಿಯಾದ ಜನರ ಮೇಲಲ್ಲ. ಅದಕ್ಕೆ ಮುಂಚೆ 1978ರಲ್ಲಿ ಬಿಸಿನೀರು, ತಣ್ಣೀರು, ಬಿಸಿ ಚಿಕನ್ ಸೂಪ್ ಮೂರನ್ನೂ ಜನರಿಗೆ ಕುಡಿಸಿ ನೋಡಿದ್ದರು. ಸೂಪ್ ಮತ್ತು ಬಿಸಿನೀರು ಕುಡಿದಾಗ ಮೂಗಿನ ಲೋಳೆ ಬೇಗ ಹರಿಯಿತು, ತಣ್ಣೀರಿನಲ್ಲಿ ನಿಧಾನವಾಯಿತು.

ನನ್ನ ಅನುಭವದಲ್ಲಿ ಹೇಳುವುದಾದರೆ, ನೀರು, ಉಪ್ಪು, ಪ್ರೊಟೀನ್, ಬಿಸಿ ಆವಿ ಎಲ್ಲ ಒಂದೇ ಬಟ್ಟಲಿನಲ್ಲಿ ಸಿಗುತ್ತದೆ. ಏನೂ ಬೇಡ ಅನ್ನುವ ರೋಗಿ ಇದನ್ನು ಕುಡಿಯುತ್ತಾರೆ. ಆದರೆ ಮಗುವಿಗೆ ಜ್ವರ ಮೂರು ದಿನ ದಾಟಿದರೆ, ಉಸಿರಾಟ ಜೋರಾದರೆ, ಉಚ್ಚೆ ಕಡಿಮೆಯಾದರೆ ಸೂಪ್ ನಂಬಿ ಕೂರಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ.

ಕೊಡಗಿನ_ಮಳೆ

ವಿರಾಜಪೇಟೆಯಿಂದ ಓದುತ್ತಿದ್ದೇನೆ. ಎಡಿಸನ್ ಅಣ್ಣ ಬೇಕರಿ ಒಲೆಯ ವಿಷಯ ಬರೆದಾಗ ನನಗೆ ನಮ್ಮ ಅಜ್ಜಿಯ ಅಡುಗೆಮನೆ ಕಣ್ಣಿಗೆ ಬಂತು. ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ. ದೊಡ್ಡ ಒಲೆಯಲ್ಲಿ ಅನ್ನವಾಗುತ್ತಿದ್ದರೆ ಅದರ ಕಾವು ಕೋಡೊಲೆಗೆ ಹರಿಯುತ್ತಿತ್ತು. ಮಳೆಗಾಲದಲ್ಲಿ ಮುದಿ ಕೋಳಿ ಕೊಯ್ದರೆ ಅಜ್ಜಿ ಅದನ್ನು ಮಡಕೆಗೆ ಹಾಕಿ, ಕೋಡೊಲೆ ಮೇಲಿಟ್ಟು, ಬಾಯಿಗೆ ಬಟ್ಟಲು ಮುಚ್ಚಿ, ಆ ಬಟ್ಟಲಲ್ಲಿ ನೀರು ಹುಯ್ಯುತ್ತಿದ್ದರು. ಕೆಳಗೆ ಆವಿ ತಣಿದು ಮಡಕೆಗೇ ಇಳಿಯುತ್ತಿತ್ತು. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನ ದಾಟಿದ ಮೇಲೆ ಬೇಯುತ್ತಿತ್ತು. ಅಷ್ಟು ಹೊತ್ತೂ ಮನೆಯೆಲ್ಲ ಮೆಣಸಿನ ವಾಸನೆ.

ನಾಟಿ ಕೋಳಿ ಸಿಕ್ಕರೆ ಸೂಪ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿ ಸಿಗುತ್ತದಾ?

ಷಿಕಾಗೋ_ಅಕ್ಕ

ಬಟ್ಟಲಲ್ಲಿ ನೀರು ಹುಯ್ಯೋದು! ನಮ್ಮ ಅತ್ತೆಯೂ ಹಾಗೇ ಮಾಡುತ್ತಿದ್ದರು.

ಸಿಗುತ್ತದೆ. ಹಲಾಲ್ ಅಂಗಡಿಯಲ್ಲಿ, ಚೀನೀ ಅಂಗಡಿಯಲ್ಲಿ ಕೇಳಿ. ಮೊಟ್ಟೆ ಇಟ್ಟು ಮುಗಿಸಿದ ಹೆಣ್ಣು ಕೋಳಿಯನ್ನು ಇಲ್ಲಿ ಸ್ಟ್ಯೂಯಿಂಗ್ ಹೆನ್ ಅನ್ನುತ್ತಾರೆ. ಮಾಂಸ ಗಟ್ಟಿ, ಲೋನಲ್ಲಿ ಎಂಟು ಗಂಟೆ ಬೇಕೇ ಬೇಕು. ಮಾಂಸ ಸ್ವಲ್ಪ ನಾರುನಾರಾಗಿಯೇ ಇರುತ್ತದೆ, ಆದರೆ ಸಾರು ಬಂಗಾರದ ಬಣ್ಣಕ್ಕೆ ಬರುತ್ತದೆ.

ಬ್ರಾತ್‌ಗೆ ಅಂತ ಬೇರೆ ಹಸಿ ಕೋಳಿ ಕೊಳ್ಳದೆ ಮಾಡುವ ದಾರಿಯೂ ಇದೆ. ಕಾಸ್ಟ್ಕೋ ಅನ್ನುವ ದೊಡ್ಡ ಅಂಗಡಿಯಲ್ಲಿ 4.99 ಡಾಲರ್‌ಗೆ ಸುಟ್ಟ ಇಡೀ ಕೋಳಿ ಸಿಗುತ್ತದಲ್ಲ, ಅದನ್ನು ಒಂದು ರಾತ್ರಿ ಊಟಕ್ಕೆ ತಿನ್ನಿ. ಮೂಳೆ ಎಸೆಯಬೇಡಿ. ಮೂಳೆ, ಈರುಳ್ಳಿ, ಒಂದು ಚಮಚ ವಿನೆಗರ್, ಮುಳುಗುವಷ್ಟು ನೀರು ಹಾಕಿ ರಾತ್ರಿ ಲೋನಲ್ಲಿಟ್ಟು ಮಲಗಿ. ಹತ್ತು ಗಂಟೆ ಕಾಲ ಬೆಂದರೆ ಬ್ರಾತ್ ತಯಾರು. ಸೋಸಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ಅಲುಗಾಡುವ ಹಾಗೆ ಗಟ್ಟಿಯಾಗಿರುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ, ಅದೇ ಜೆಲಟಿನ್.

ಜಯನಗರದ_ಜಾನಕಿ

ಬೆಂಗಳೂರಿನಿಂದ. ಮಗ ಅಮೆರಿಕದಿಂದ ಬರುವಾಗ ಸ್ಲೋ ಕುಕ್ಕರ್ ತರುತ್ತೇನೆ ಅನ್ನುತ್ತಿದ್ದಾನೆ. ತರಿಸಬಹುದಾ? ಪ್ಲಗ್ ಬದಲಿಸಿಕೊಂಡರೆ ಆಯಿತಲ್ಲ?

ಎಡಿಸನ್_ಅಣ್ಣ

ಬೇಡಿ ಅಮ್ಮಾ, ದಯವಿಟ್ಟು ಬೇಡಿ. ಇಲ್ಲಿಯ ಕರೆಂಟ್ 120 ವೋಲ್ಟ್, ನಮ್ಮಲ್ಲಿ 230. ಪ್ಲಗ್ ಬದಲಿಸಿದರೆ ತೂತಿಗೆ ಹೊಂದುತ್ತದೆ ಅಷ್ಟೇ, ವೋಲ್ಟೇಜ್ ಬದಲಾಗುವುದಿಲ್ಲ. ಕಾಯಿಲ್ ಅದೇ ಇದ್ದು ವೋಲ್ಟೇಜ್ ಹೀಗೆ ಏರಿದರೆ ಬಿಸಿ ಮೂರೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಸುಟ್ಟು ಹೋಗುತ್ತದೆ, ಬೆಂಕಿಯೂ ಹತ್ತಬಹುದು. ಭಾರತಕ್ಕೆ ಅಂತಲೇ ಮಾಡಿದ 230 ವೋಲ್ಟ್‌ನದು ಅಲ್ಲೇ ಕೊಳ್ಳಿ.

ಜಯನಗರದ_ಜಾನಕಿ

ಒಳ್ಳೆಯದಾಯಿತು ಕೇಳಿದ್ದು. ಈಗಲೇ ಮಗನಿಗೆ ಫೋನ್ ಮಾಡುತ್ತೇನೆ. ಇಲ್ಲೇ ಕೊಂಡರೂ ನಡುವೆ ಕರೆಂಟ್ ಹೋದರೆ ಏನು ಮಾಡೋದು? ಥೈಮ್ ಕೂಡ ನಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ.

ರಾತ್ರಿ_ಪಾಳಿ_ನರ್ಸ್

ನೀವು ಮನೆಯಲ್ಲೇ ಇದ್ದರೆ ಸುಲಭ. ಕರೆಂಟ್ ಹೋದ ಕೂಡಲೇ ಪಾತ್ರೆಗೆ ಬಗ್ಗಿಸಿ ಗ್ಯಾಸ್ ಮೇಲೆ ಬೇಯಿಸಿ ಮುಗಿಸಿ. ಹೊರಗೆ ಹೋಗಿದ್ದು, ಬಂದಾಗ ಕರೆಂಟಿನ ಗಡಿಯಾರ ಮಿಟುಕುತ್ತಿದೆ, ಎಷ್ಟು ಹೊತ್ತು ಕರೆಂಟ್ ಇರಲಿಲ್ಲವೋ ತಿಳಿಯದು ಅಂದರೆ ಅದನ್ನು ತಿನ್ನಬೇಡಿ. ಬೆಂದಂತೆ ಕಂಡರೂ ಬೇಡ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಚೆಲ್ಲಿಬಿಡಿ.

ಷಿಕಾಗೋ_ಅಕ್ಕ

ಥೈಮ್ ಇಲ್ಲದಿದ್ದರೆ ದೊಡ್ಡಪತ್ರೆ ಇದೆಯಲ್ಲ, ಕುಂಡದಲ್ಲಿ? ಎರಡು ಎಲೆ ಹರಿದು ಕೊನೆಯ ಅರ್ಧ ಗಂಟೆ ಇರುವಾಗ ಹಾಕಿ. ಘಮ ಬಹಳ ಹತ್ತಿರ. ಊರಿಗೆ ಬಂದಾಗ ನಾನು ಅದನ್ನೇ ಹಾಕಿ ಮಾಡಿದ್ದೇನೆ. ಆದರೆ ಬೇ ಎಲೆ ಅಂತ ನಮ್ಮ ಪಲಾವ್ ಎಲೆ ಹಾಕಬೇಡಿ. ಅದು ಬೇರೆ ಮರ, ದಾಲ್ಚಿನ್ನಿಯ ಜಾತಿ. ಸೂಪೆಲ್ಲ ಪಲಾವ್ ವಾಸನೆ ಹೊಡೆಯುತ್ತದೆ. ಇಲ್ಲದಿದ್ದರೆ ಬಿಟ್ಟುಬಿಡಿ, ನಡೆಯುತ್ತದೆ.

ನೂಡಲ್ಸ್ ಬದಲು ಒಣ ಶಾವಿಗೆ ಹಾಕಬಹುದು. ಅದನ್ನು ಕುಕ್ಕರ್‌ಗೆ ಹಾಕಲೇಬೇಡಿ. ಬೇರೆ ಬೇಯಿಸಿ ಬಸಿದು, ಬಟ್ಟಲಲ್ಲಿ ಹಾಕಿ, ಮೇಲೆ ಸೂಪ್ ಹುಯ್ಯಿರಿ.

ಸೊಪ್ಪಿನ_ಸಾರು

ನಾವು ಮಾಂಸ ತಿನ್ನುವುದಿಲ್ಲ. ಚಿಕನ್ ಬದಲು ರಾಜ್ಮಾ ಹಾಕಿ ಇದೇ ರೀತಿ ಮಾಡಬಹುದಾ?

ರಾತ್ರಿ_ಪಾಳಿ_ನರ್ಸ್

ಹಸಿ ರಾಜ್ಮಾ ನೇರವಾಗಿ ಸ್ಲೋ ಕುಕ್ಕರ್‌ಗೆ ಖಂಡಿತ ಬೇಡ. ಅದರಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇದೆ. ಚೆನ್ನಾಗಿ ಕುದಿದರೆ ಮಾತ್ರ ಹೋಗುತ್ತದೆ, ನಿಧಾನ ಕಾವಿಗೆ ಹೋಗುವುದಿಲ್ಲ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ ಆಮೇಲೆ ಹಾಕಿ. ಪ್ರೆಶರ್ ಕುಕ್ಕರ್‌ನಲ್ಲಿ ಬೇಯಿಸಿ ಹಾಕಿದರೆ ಇನ್ನೂ ಸುಲಭ. ಕಡಲೆಕಾಳು, ಅಣಬೆಯಲ್ಲೂ ಚೆನ್ನಾಗಾಗುತ್ತದೆ.

ಮಿನಿಯಾಪೊಲಿಸ್_ಮಗಳು (ಸೋಮವಾರ ರಾತ್ರಿ)

ಮಾಡಿದೆ!

ನಿನ್ನೆ ಅಂಗಡಿಗೆ ಹೋಗಿ ಮೂಳೆ ಇರುವ ತೊಡೆ, ಲೋ ಸೋಡಿಯಂ ಬ್ರಾತ್, ಥರ್ಮಾಮೀಟರ್ ತಂದೆ. ಇವತ್ತು ಬೆಳಿಗ್ಗೆ ಈರುಳ್ಳಿ ಬೆಣ್ಣೆಯಲ್ಲಿ ಹುರಿದೆ. ತರಕಾರಿ ತಳಕ್ಕೆ, ತೊಡೆ ಮೇಲಕ್ಕೆ. ಮೊದಲ ಗಂಟೆ ಹೈ, ಆಮೇಲೆ ಲೋ. ಮುಚ್ಚಳ ತೆಗೆಯಲೇ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮೀಟಿಂಗ್ ಮುಗಿಸಿ ಕೆಳಗೆ ಬಂದೆ. ಮೆಟ್ಟಿಲ ಹತ್ತಿರವೇ ವಾಸನೆ ಬಂತು ಅಕ್ಕಾ. ನೀವು ಹೇಳಿದ ಥೈಮ್ ವಾಸನೆ ಇದೇ ಇರಬೇಕು ಅಂದುಕೊಂಡೆ.

ಥರ್ಮಾಮೀಟರ್ 194 ಫ್ಯಾರನ್‌ಹೀಟ್ ತೋರಿಸಿತು. ಇಕ್ಕಳದಲ್ಲಿ ತೊಡೆ ಎತ್ತಲು ಹೋದರೆ ಮೂಳೆ ಮಾತ್ರ ಕೈಗೆ ಬಂತು, ಮಾಂಸ ಸಾರಿನಲ್ಲೇ ಉಳಿಯಿತು. ಜಾಲರಿ ಸೌಟಿನಲ್ಲಿ ಹುಡುಕಿ ಹುಡುಕಿ ಸಣ್ಣ ಮೂಳೆಗಳನ್ನೆಲ್ಲ ತೆಗೆದೆ. ನೂಡಲ್ಸ್ ಹಾಕಿ ಒಂಬತ್ತನೇ ನಿಮಿಷಕ್ಕೆ ಒಂದು ಎಳೆ ಕಚ್ಚಿದೆ. ಇನ್ನೂ ಗಟ್ಟಿ ಇತ್ತು. ಹನ್ನೆರಡಕ್ಕೆ ಆಫ್ ಮಾಡಿದೆ. ನಿಂಬೆ ಹಿಂಡುವ ಮುಂಚೆ ಒಂದು ಚಮಚ, ಹಿಂಡಿದ ಮೇಲೆ ಒಂದು ಚಮಚ ಕುಡಿದು ನೋಡಿದೆ. ಎರಡು ಬೇರೆ ಬೇರೆ ಸೂಪ್ ಅನ್ನಿಸುವಷ್ಟು ವ್ಯತ್ಯಾಸ.

ಮನೆಯವರು ಎರಡು ಬಟ್ಟಲು ಕುಡಿದರು. ಅವರಿಗೆ ಸ್ವಲ್ಪ ಶುಂಠಿ ರಸ ಸೇರಿಸಿ ಕೊಟ್ಟೆ, ಕುಡ್ಲದ ಅಣ್ಣನ ಮಾತಿನ ಪ್ರಕಾರ. ಮಗಳು ನೂಡಲ್ಸ್ ಎಳೆ ಒಂದೊಂದೇ ಬೆರಳಲ್ಲಿ ಎತ್ತಿ, ಬಾಯಿ ಮೇಲೆ ಮಾಡಿ ಬಿಟ್ಟುಕೊಂಡು ತಿಂದಳು. ಜ್ವರ ನಿನ್ನೆ ರಾತ್ರಿಯೇ ಇಳಿದಿತ್ತು. ಇವತ್ತು ಕ್ಯಾರೆಟ್ ಕೂಡ ಬಿಡಲಿಲ್ಲ.

ಇನ್ನೂ ಅರ್ಧ ಪಾತ್ರೆ ಉಳಿದಿದೆ. ಹಾಗೇ 'ವಾರ್ಮ್'ನಲ್ಲಿ (ಬಿಸಿ ಆರದಂತೆ ಇಡುವ ಕಾವು) ಬಿಡಲಾ?

ಷಿಕಾಗೋ_ಅಕ್ಕ

ಓದಿ ಎಷ್ಟು ಖುಷಿಯಾಯಿತು ಗೊತ್ತಾ ತಂಗಿ!

ವಾರ್ಮ್‌ನಲ್ಲಿ ಬಿಡಬೇಡಿ, ಶನಿವಾರದ ಅಂಬಲಿ ವಾಪಸ್ ಬರುತ್ತದೆ. ನೂಡಲ್ಸ್ ಸೋಸಿ ಬೇರೆ ಡಬ್ಬಿಗೆ ಹಾಕಿ, ಸಾರು ಬೇರೆ ಡಬ್ಬಿಗೆ. ಮುಂದಿನ ಸಲ ಆ ಹೊತ್ತಿಗೆ ತಿನ್ನುವಷ್ಟು ನೂಡಲ್ಸ್ ಮಾತ್ರ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಿ. ಮತ್ತೆ, ಬಿಸಿ ಇರುವ ಪಿಂಗಾಣಿ ಪಾತ್ರೆಗೆ ತಣ್ಣೀರು ಬಿಡಬೇಡಿ, ಬಿರುಕು ಬಿಡುತ್ತದೆ. ನನ್ನದೊಂದು ಹಾಗೇ ಹೋಯಿತು.

ರಾತ್ರಿ_ಪಾಳಿ_ನರ್ಸ್

ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ದೊಡ್ಡ ಪಾತ್ರೆ ಹಾಗೇ ಇಟ್ಟರೆ ನಡುವೆ ಬಿಸಿ ಉಳಿಯುತ್ತದೆ, ಅಗಲವಾದ ಚಿಕ್ಕ ಡಬ್ಬಿಗಳಿಗೆ ಹಂಚಿ. ಮೂರು ನಾಲ್ಕು ದಿನ ಇರುತ್ತದೆ. ನೂಡಲ್ಸ್ ಇಲ್ಲದ ಸಾರನ್ನು ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಇಡಬಹುದು. ಬಿಸಿ ಮಾಡುವಾಗ ಒಲೆ ಮೇಲೆ ಚೆನ್ನಾಗಿ ಕುದಿಸಿ, ಸ್ಲೋ ಕುಕ್ಕರ್‌ನಲ್ಲಿ ಬಿಸಿ ಮಾಡಬೇಡಿ.

ಮಿನಿಯಾಪೊಲಿಸ್_ಮಗಳು

ಸರಿ, ಈಗಲೇ ಹಂಚಿ ಇಟ್ಟೆ. ಐದು ಡಬ್ಬಿ ಆಯಿತು. ಒಂದನ್ನು ಎದುರು ಮನೆಗೆ ಕೊಟ್ಟು ಬರುತ್ತೇನೆ. ಅವರ ಮನೆಯಲ್ಲೂ ಮಕ್ಕಳಿಗೆ ಕೆಮ್ಮು ಅಂತ ಬೆಳಿಗ್ಗೆ ಹೇಳಿದ್ದರು. ಡಬ್ಬಿಗೆ ಟವೆಲ್ ಸುತ್ತಿದ್ದೇನೆ ಅಕ್ಕಾ.